ಮೂರು ಕಥೆ ಅಚ್ಚಾದ ಮೇಲೆ

ಮೊದಲ ಕಥೆ ಬರೆಯುವುದು ಹೇಗೆ, ಅದನ್ನು ಪತ್ರಿಕೆಗೆ ಕಳಿಸುವುದು ಹೇಗೆ ಎಂದು ಹೇಳಿಕೊಡುವವರಿಗೆ ಕನ್ನಡದಲ್ಲಿ ಬರವಿಲ್ಲ. ಊರೂರಲ್ಲೂ ಕಥಾ ಕಮ್ಮಟ ನಡೆಯುತ್ತದೆ. ಆದರೆ ಎರಡು ಮೂರು ಕಥೆ ಅಚ್ಚಾಗಿ, ಒಂದಕ್ಕೆ ಬಹುಮಾನವೋ ಮೆಚ್ಚುಗೆಯೋ ಸಿಕ್ಕಿ, ನೆಂಟರೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಹೂಗುಚ್ಛ ಕಳಿಸಿ ಸುಮ್ಮನಾದ ಮೇಲೆ ಏನು ಮಾಡಬೇಕು ಎಂದು ಕೇಳಿದರೆ ಹೇಳುವವರು ಕಡಿಮೆ. ವಾರಪತ್ರಿಕೆಯೊಂದರ ಕಥಾ ವಿಭಾಗದಲ್ಲಿ ಕೂತು ಹೊಸಬರ ಕಥೆಗಳನ್ನು ಓದುತ್ತಿದ್ದ ಕಾಲದಿಂದಲೂ ನಾನು ಕಂಡಿರುವುದು ಇಷ್ಟು: ಕಥೆ ವಾಪಸು ಬಂತೆಂದು ಬರೆಯುವುದನ್ನು ಬಿಟ್ಟವರಿಗಿಂತ, ಬಹುಮಾನ ಬಂದ ಮೇಲೆ ದಾರಿ ತಪ್ಪಿದವರೇ ಹೆಚ್ಚು.

ದಾರಿ ತಪ್ಪುವ ಬಗೆ ಎರಡು. ಒಂದು, ಗೆದ್ದ ಕಥೆಯನ್ನೇ ಮತ್ತೆ ಮತ್ತೆ ಬರೆಯುವುದು. ಅಜ್ಜಿ ಸಾಯುವ ಕಥೆಗೆ ಬಹುಮಾನ ಬಂದಿದ್ದರೆ ಮುಂದಿನ ವರ್ಷ ಅಜ್ಜ ಸಾಯುತ್ತಾನೆ, ಅದರ ಮುಂದಿನ ವರ್ಷ ಮನೆಯ ಮುದಿ ಎತ್ತು. ಇನ್ನೊಂದು, ಕೈಯಲ್ಲಿರುವ ಕಥೆಗಳನ್ನೆಲ್ಲ ಗುಡ್ಡೆ ಹಾಕಿ ಆರು ತಿಂಗಳಲ್ಲಿ ಸಂಕಲನ ತಂದುಬಿಡುವುದು. ಎರಡನೆಯದರಿಂದ ಆಗುವ ನಷ್ಟ ಲೆಕ್ಕಕ್ಕೆ ಸಿಗುವಂಥದ್ದು. ಅದನ್ನು ಮುಂದೆ ಹೇಳುತ್ತೇನೆ.

ಮೊದಲನೆಯದಕ್ಕೆ ಮದ್ದು ಬೇಕಾದವರು ಪೂರ್ಣಚಂದ್ರ ತೇಜಸ್ವಿಯವರ ದಾರಿಯನ್ನು ನೋಡಬಹುದು. ಮಲೆನಾಡಿನ ಮಳೆಯನ್ನು ಹುಡುಗನೊಬ್ಬನ ಕಣ್ಣಲ್ಲಿ ತೋರಿಸಿದ ಅವರ ಮೊದಲ ಕಥೆ ‘ಲಿಂಗ ಬಂದ’ ಪ್ರಜಾವಾಣಿಯ ದೀಪಾವಳಿ ಕಥಾ ಸ್ಪರ್ಧೆಯಲ್ಲಿ ಬಹುಮಾನ ಪಡೆಯಿತು. ಅದೇ ಹುಡುಗನನ್ನು ಇಟ್ಟುಕೊಂಡು ಹತ್ತು ಕಥೆ ಬರೆಯುವುದು ಅವರಿಗೆ ಕಷ್ಟವಿರಲಿಲ್ಲ. ಆದರೆ 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದಲ್ಲಿ ಅವರ ದನಿ, ವ್ಯಂಗ್ಯ, ಜನ ಎಲ್ಲವೂ ಬೇರೆ. 1980ರ ‘ಕರ್ವಾಲೊ’ದಲ್ಲಿ ಮತ್ತೂ ಬೇರೆ. ಮಲೆನಾಡು ಮಾತ್ರ ಹಾಗೆಯೇ ಉಳಿಯಿತು. ನಿಮ್ಮ ಊರು, ನಿಮ್ಮ ಜನ ನಿಮ್ಮವೇ, ಅವನ್ನು ಬಿಡಬೇಕಿಲ್ಲ. ಬಹುಮಾನ ಬಂದ ಕಥೆಯಲ್ಲಿ ಏನು ಕೆಲಸ ಮಾಡಿತು ಎಂದು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ: ಯಾರ ಕಣ್ಣಲ್ಲಿ ಹೇಳಿದಿರಿ, ಎಷ್ಟು ಕಾಲ ಹಿಡಿದಿರಿ, ಕೊನೆ ಹೇಗೆ ಬಂತು. ಮುಂದಿನ ಕಥೆಯಲ್ಲಿ ಅವುಗಳಲ್ಲಿ ಒಂದನ್ನಾದರೂ ಬೇಕೆಂದೇ ಬದಲಿಸಿ. ಆ ಕಥೆ ಕೆಟ್ಟರೂ ಪರವಾಗಿಲ್ಲ.

ಕಳಿಸುವ ಶಿಸ್ತು

ಕಥೆಗೆ ಜಾಗ ಕೊಡುವ ಪತ್ರಿಕೆಗಳು ಮೊದಲಿಗಿಂತ ಕಡಿಮೆ, ಆದರೆ ಇಲ್ಲವೆನ್ನುವಂತಿಲ್ಲ. ಸುಧಾ, ತರಂಗ, ಮಯೂರ, ತುಷಾರದಂಥ ನಿಯತಕಾಲಿಕಗಳಿವೆ, ದಿನಪತ್ರಿಕೆಗಳ ಭಾನುವಾರದ ಪುರವಣಿಗಳಿವೆ, ದೀಪಾವಳಿ ಯುಗಾದಿಯ ವಿಶೇಷಾಂಕಗಳಿವೆ. ವಿಶೇಷಾಂಕದ ಸ್ಪರ್ಧೆಗಳ ಪ್ರಕಟಣೆ ಹಬ್ಬಕ್ಕೆ ಕೆಲವು ತಿಂಗಳ ಮೊದಲೇ ಬರುತ್ತದೆ. ಅದನ್ನು ಕತ್ತರಿಸಿ ಇಟ್ಟುಕೊಳ್ಳಿ, ಕಳೆದ ವರ್ಷದ್ದನ್ನು ನಂಬಬೇಡಿ. ಪದಮಿತಿ, ಕೊನೆಯ ದಿನಾಂಕ, ವಿಳಾಸ ಮೂರೂ ಬದಲಾಗುತ್ತವೆ. ಕಥೆಯ ಹಾಳೆಯ ಮೇಲೆ ಹೆಸರಿರಬಾರದು ಎಂದಿದ್ದರೆ ಕಡತದ ಹೆಸರಿನಲ್ಲೂ ಇರಬಾರದು. ಎಷ್ಟೋ ಜನ ಒಳಗೆ ಹೆಸರು ಅಳಿಸಿ, ಕಡತಕ್ಕೆ ತಮ್ಮ ಹೆಸರನ್ನೇ ಇಟ್ಟು ಕಳಿಸುತ್ತಾರೆ.

ಒಂದೇ ಕಥೆಯನ್ನು ಏಕಕಾಲಕ್ಕೆ ಎರಡು ಕಡೆ ಕಳಿಸುವುದನ್ನು ನಮ್ಮ ಸಂಪಾದಕರು ಸಹಿಸುವುದಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ. ಪುಟ ಕಟ್ಟಿ, ಚಿತ್ರ ಬರೆಸಿದ ಮೇಲೆ ಅದೇ ಕಥೆ ಬೇರೆ ಪುರವಣಿಯಲ್ಲಿ ಕಂಡರೆ ಯಾರಿಗಾದರೂ ಸಿಟ್ಟು ಬರುತ್ತದೆ. ಸ್ವಂತ ರಚನೆ, ಅನುವಾದವಲ್ಲ, ಎಲ್ಲೂ ಪ್ರಕಟವಾಗಿಲ್ಲ ಎಂಬ ದೃಢೀಕರಣವನ್ನು ಬಹುತೇಕ ಸ್ಪರ್ಧೆಗಳು ಕೇಳುತ್ತವೆ. ಫೇಸ್‌ಬುಕ್ ಗೋಡೆಯ ಮೇಲೆ ಪೂರ್ತಿ ಕಥೆ ಹಾಕಿದ್ದರೆ ಅದೂ ಪ್ರಕಟವಾದಂತೆಯೇ. ಲೈಕು ಬೇಕೋ ಸ್ಪರ್ಧೆ ಬೇಕೋ ಮೊದಲೇ ತೀರ್ಮಾನಿಸಿ. ಒಂದು ನೋಟ್‌ಬುಕ್ಕಿನಲ್ಲೋ ಎಕ್ಸೆಲ್ ಹಾಳೆಯಲ್ಲೋ ಕಥೆಯ ಹೆಸರು, ಎಲ್ಲಿಗೆ, ಯಾವ ದಿನ, ಏನು ಉತ್ತರ, ಯಾವ ಸಂಚಿಕೆ, ಗೌರವಧನ ಬಂತೋ ಇಲ್ಲವೋ ಎಂದು ಗುರುತು ಹಾಕಿಕೊಳ್ಳಿ. ಮೂರು ತಿಂಗಳಾದರೂ ಸುದ್ದಿ ಇಲ್ಲದಿದ್ದರೆ ಎರಡು ಸಾಲಿನ ಮೇಲ್ ಬರೆಯುವುದು ಅಧಿಕಪ್ರಸಂಗವಲ್ಲ. ಸಂಪಾದಕರ ಮೊಬೈಲಿಗೆ ರಾತ್ರಿ ಒಂಬತ್ತಕ್ಕೆ ಫೋನ್ ಮಾಡುವುದು ಮಾತ್ರ ಖಂಡಿತ ಅಧಿಕಪ್ರಸಂಗ.

ಅಕ್ಷರದ ವಿಷಯ ಸಣ್ಣದೆನಿಸಬಹುದು. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಕಥೆಯನ್ನು ಯೂನಿಕೋಡಿಗೆ ತಿರುಗಿಸುವಾಗ ಒತ್ತಕ್ಷರ, ಅರ್ಕಾವತ್ತು ಚೆಲ್ಲಾಪಿಲ್ಲಿಯಾಗುತ್ತವೆ. ಯೂನಿಕೋಡಿನಲ್ಲೇ ಬರೆದು, ವರ್ಡ್ ಕಡತದ ಜೊತೆ ಪಿಡಿಎಫ್ ಒಂದನ್ನೂ ಲಗತ್ತಿಸಿದರೆ ಕರಡು ತಿದ್ದುವವರಿಗೆ ಮೂಲ ಹೇಗಿತ್ತು ಎಂದು ತಿಳಿಯುತ್ತದೆ.

ಇನ್ನು ಕಥೆಯನ್ನೇ ತಿದ್ದುವ ಮಾತು. ನನ್ನ ಮೇಜಿಗೆ ಬರುತ್ತಿದ್ದ ಕಥೆಗಳಲ್ಲಿ ಬಹಳಷ್ಟು ಎರಡನೆಯ ಪುಟದಲ್ಲಿ ಶುರುವಾಗುತ್ತಿದ್ದವು. ಮೊದಲ ಪುಟದಲ್ಲಿ ಲೇಖಕರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು ಅಷ್ಟೆ. ಅವುಗಳ ಧಾಟಿಗೆ ಒಂದು ಮಾದರಿ ಕಟ್ಟುತ್ತೇನೆ. ಆರಂಭ ಹೀಗೆ: “ಪೂರ್ವದಲ್ಲಿ ಸೂರ್ಯ ಕೆಂಪಾಗಿ ಮೂಡುತ್ತಿದ್ದ. ಹಕ್ಕಿಗಳ ಚಿಲಿಪಿಲಿ ಕೇಳುತ್ತಿತ್ತು. ಅತ್ತಿಗೆ ಎದ್ದು ಒಲೆ ಹಚ್ಚಿ, ಕಳೆದುಹೋದ ದಿನಗಳನ್ನೆಲ್ಲ ನೆನಪಿಸಿಕೊಂಡಳು.” ಅಲ್ಲಿಂದ ಮದುವೆ, ಸಾಲ, ಬರ ಎಲ್ಲ ನೆನಪಿನಲ್ಲೇ ಸಾಗಿ, ಒಂದೂವರೆ ಪುಟದ ನಂತರ ಈ ಸಾಲು ಬರುತ್ತದೆ: “ಒತ್ತೆಯಿಟ್ಟ ಬಳೆ ಬಿಡಿಸಿಕೊಂಡು ಬಂದ ದಿನ ಅತ್ತಿಗೆ ಅದನ್ನು ತೊಡಲಿಲ್ಲ, ಅಕ್ಕಿ ಡಬ್ಬಿಯೊಳಗೆ ಹೂತಿಟ್ಟಳು.” ಕಥೆ ಇಲ್ಲಿಂದಲೇ. ಯಾಕೆ ತೊಡಲಿಲ್ಲ? ಯಾರಿಂದ ಮುಚ್ಚಿಡುತ್ತಿದ್ದಾಳೆ? ಸಾಲವೂ ಬರವೂ ಆ ಒಂದು ವಾಕ್ಯದೊಳಗೇ ಇವೆ, ಬೇರೆಯಾಗಿ ಹೇಳಬೇಕಿಲ್ಲ. ಮೇಲಿನದನ್ನೆಲ್ಲ ಹೊಡೆದುಹಾಕಿ ಇದನ್ನೇ ಮೊದಲ ಸಾಲು ಮಾಡಿದರೆ, ಸ್ಪರ್ಧೆಯ ಪದಮಿತಿಯೊಳಗೆ ಅತ್ತಿಗೆಯ ನಾದಿನಿಗೂ ಒಂದು ದೃಶ್ಯಕ್ಕೆ ಜಾಗ ಸಿಗುತ್ತದೆ. ಕೊನೆಯಲ್ಲೂ ಇದೇ ಪರೀಕ್ಷೆ. “ಆಗ ಅವಳಿಗೆ ಅರ್ಥವಾಯಿತು” ಎಂದು ಶುರುವಾಗುವ ಪ್ಯಾರಾ ಇದ್ದರೆ ಅದನ್ನು ಬೆರಳಿನಿಂದ ಮುಚ್ಚಿ ಓದಿ ನೋಡಿ. ಹತ್ತರಲ್ಲಿ ಎಂಟು ಸಲ ಅದು ಬೇಡ.

ನಿಜವಾದ ಜನರ ಬದುಕನ್ನು ಬಳಸಿಕೊಳ್ಳುವ ವಿಷಯವೂ ಇಲ್ಲೇ ಬರಬೇಕು. ವೈದೇಹಿಯವರ ಹೆಸರಿನ ಹಿಂದಿನ ಘಟನೆ ಹಲವರಿಗೆ ಗೊತ್ತು. ವಾಸಂತಿ ಎಂಬ ಹೆಸರಲ್ಲಿ ಅವರು ಸುಧಾ ವಾರಪತ್ರಿಕೆಗೆ ಒಂದು ಕಥೆ ಕಳಿಸಿದರು. ಅದರಲ್ಲಿ ನಿಜದ ಸಂಗತಿ ಇದೆ ಎನಿಸಿ ಪ್ರಕಟಿಸಬೇಡಿ ಎಂದು ಮತ್ತೆ ಬರೆದರು. ಸಂಪಾದಕರು ಕಥೆಯನ್ನು ಬಿಡಲಿಲ್ಲ, ಹೆಸರನ್ನು ಬದಲಿಸಿ ವೈದೇಹಿ ಎಂದು ಅಚ್ಚು ಹಾಕಿದರು. ಆ ಹೆಸರೇ ನಿಂತಿತು. ಈಗ ಅಂಥ ಸಂಪಾದಕರು ಸಿಗುತ್ತಾರೆಂದು ನೆಚ್ಚಬೇಡಿ. ಚಿಕ್ಕಮ್ಮನ ಸಂಸಾರವನ್ನು ಕಥೆ ಮಾಡುವಾಗ ಊರು, ಉದ್ಯೋಗ, ಮಕ್ಕಳ ಸಂಖ್ಯೆ ಎಲ್ಲವನ್ನೂ ಕದಲಿಸಿ, ಕಳಿಸುವ ಮೊದಲೇ. ಅಚ್ಚಾದ ಮೇಲೆ ಚಿಕ್ಕಮ್ಮ ಓದುವುದಿಲ್ಲ ಎಂಬ ಧೈರ್ಯ ಬೇಡ. ಓದುವವರು ಯಾರಾದರೂ ಓದಿ ಹೇಳುತ್ತಾರೆ.

‘ಮೊದಲ ಪುಸ್ತಕ’ ಒಮ್ಮೆ ಮಾತ್ರ

ಲೆಕ್ಕಕ್ಕೆ ಸಿಗುವ ನಷ್ಟ ಎಂದೆನಲ್ಲ, ಅದು ಇದು. ಕನ್ನಡದಲ್ಲಿ ಹೊಸಬರಿಗೆ ಇರುವ ಒಳ್ಳೆಯ ಅವಕಾಶಗಳಲ್ಲಿ ಹಲವು ಮೊದಲ ಪುಸ್ತಕಕ್ಕೆ ಮಾತ್ರ. ಕಥೆಗಾರ ವಸುಧೇಂದ್ರ ನಡೆಸುವ ಛಂದ ಪುಸ್ತಕ ಇದುವರೆಗೆ ಸಂಕಲನ ತರದ ಕಥೆಗಾರರಿಂದ ಹಸ್ತಪ್ರತಿ ಆಹ್ವಾನಿಸಿ, ಆಯ್ಕೆಯಾದದ್ದಕ್ಕೆ ಬಹುಮಾನ ಕೊಟ್ಟು, ತಾನೇ ಪ್ರಕಟಿಸುತ್ತದೆ. ಕನ್ನಡ ಪುಸ್ತಕ ಪ್ರಾಧಿಕಾರಕ್ಕೆ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆಯಿದೆ. ಕರ್ನಾಟಕ ಸಾಹಿತ್ಯ ಅಕಾಡೆಮಿಯಲ್ಲಿ ಲೇಖಕರ ಮೊದಲ ಸ್ವತಂತ್ರ ಕೃತಿಗೆಂದೇ ಮಧುರಚೆನ್ನ ದತ್ತಿನಿಧಿ ಬಹುಮಾನವಿದೆ. ಅವಸರದಲ್ಲಿ ಕೈಯಿಂದ ದುಡ್ಡು ಹಾಕಿ ಕಚ್ಚಾ ಸಂಕಲನವೊಂದನ್ನು ತಂದರೆ ಹಸ್ತಪ್ರತಿಯ ಬಾಗಿಲು ಅಲ್ಲಿಗೇ ಮುಚ್ಚುತ್ತದೆ, ಚೊಚ್ಚಲ ಕೃತಿಯ ಬಹುಮಾನಕ್ಕೆ ಆ ಕಚ್ಚಾ ಪುಸ್ತಕವೇ ನಿಮ್ಮ ಅಭ್ಯರ್ಥಿಯಾಗುತ್ತದೆ. ಎರಡು ವರ್ಷ ತಡೆದು, ಒಳ್ಳೆಯ ಕಥೆಗಳು ಕೂಡಿದ ಮೇಲೆ ಹೋದವರಿಗೆ ಎಲ್ಲ ಬಾಗಿಲೂ ತೆರೆದಿರುತ್ತವೆ.

ವಯಸ್ಸಿನ ಮಿತಿಯೂ ಇದೆ. ಕೇಂದ್ರ ಸಾಹಿತ್ಯ ಅಕಾಡೆಮಿ 2011ರಲ್ಲಿ ಆರಂಭಿಸಿದ ಯುವ ಪುರಸ್ಕಾರ 35 ವರ್ಷ ಮೀರದವರಿಗೆ. ಬಹುಮಾನದ ಮೊತ್ತ 50,000 ರೂಪಾಯಿ. ಈ ಪುರಸ್ಕಾರ ಕನ್ನಡದಲ್ಲಿ ಸಣ್ಣಕಥೆಗೆ ಧಾರಾಳವಾಗಿ ಒಲಿದಿದೆ: 2017ರಲ್ಲಿ ಶಾಂತಿ ಕೆ. ಅಪ್ಪಣ್ಣ ಅವರ ‘ಮನಸು ಅಭಿಸಾರಿಕೆ’, 2018ರಲ್ಲಿ ಪದ್ಮನಾಭ ಭಟ್ ಶೇವ್ಕಾರ ಅವರ ‘ಕೇಪಿನ ಡಬ್ಬಿ’, 2020ರಲ್ಲಿ ಸ್ವಾಮಿ ಪೊನ್ನಾಚಿ ಅವರ ‘ಧೂಪದ ಮಕ್ಕಳು’, 2022ರಲ್ಲಿ ದಾದಾಪೀರ್ ಜೈಮನ್ ಅವರ ‘ನೀಲಕುರಿಂಜಿ’. ಈ ನಾಲ್ಕನ್ನೂ ಕೊಂಡು ಓದಿ. ಪ್ರಶಸ್ತಿಗಾಗಿ ಅಲ್ಲ, ಹೊಸ ಕಥೆಗಾರರು ಒಂದು ಸಂಕಲನವನ್ನು ಹೇಗೆ ಕಟ್ಟುತ್ತಾರೆ ಎಂಬುದಕ್ಕೆ ಹತ್ತಿರದ ಉದಾಹರಣೆಗಳು ಇವೇ. ಮೂವತ್ತೈದು ದಾಟಿದವರು ಬೇಸರಪಡಬೇಕಿಲ್ಲ. ಬಾನು ಮುಷ್ತಾಕ್ ಅವರ ಮೊದಲ ಕಥೆ ಪ್ರಜಾಮತದಲ್ಲಿ ಬಂದದ್ದು ಇಪ್ಪತ್ತರ ಹರೆಯದಲ್ಲಿ. ಮೊದಲ ಸಂಕಲನ ‘ಹೆಜ್ಜೆ ಮೂಡಿದ ಹಾದಿ’ ಬಂದದ್ದು 1990ರಲ್ಲಿ, ನಲವತ್ತು ದಾಟಿದ ಮೇಲೆ.

ಸಂಕಲನ ಕಟ್ಟುವುದು ಎಂದರೆ ಇರುವುದನ್ನೆಲ್ಲ ಸೇರಿಸುವುದಲ್ಲ. ಎಲ್ಲ ಕಥೆಗಳನ್ನೂ ಮುದ್ರಿಸಿ, ಮೊದಲ ಪುಟಗಳನ್ನು ನೆಲದ ಮೇಲೆ ಸಾಲಾಗಿ ಹರಡಿ ಓದಿ. ಬಿಡಿಬಿಡಿಯಾಗಿ ಓದುವಾಗ ಕಾಣದ್ದು ಆಗ ಕಾಣುತ್ತದೆ: ಮೂರು ಕಥೆಗಳು ಫೋನ್ ರಿಂಗಣಿಸುವುದರಿಂದ ಶುರುವಾಗುತ್ತವೆ, ನಾಲ್ಕರಲ್ಲಿ ಅಪ್ಪ ಕುಡುಕ, ಎರಡರಲ್ಲಿ ಅಮ್ಮ ಸತ್ತ ಮೇಲೆ ಟ್ರಂಕಿನಲ್ಲಿ ಪತ್ರ ಸಿಗುತ್ತದೆ. ಟ್ರಂಕಿನ ಕಥೆಗಳಲ್ಲಿ ಒಂದು ಹೋಗಲೇಬೇಕು, ಅದು ಪತ್ರಿಕೆಯಲ್ಲಿ ಬಂದದ್ದಾಗಿದ್ದರೂ. ಎಂಟೊಂಬತ್ತು ಗಟ್ಟಿ ಕಥೆಗಳಿದ್ದರೆ ಸಾಕು, ಹದಿನಾಲ್ಕಕ್ಕೆ ಏರಿಸುವುದು ಬೇಡ. ನನ್ನ ಅಭಿಪ್ರಾಯದಲ್ಲಿ ಬಹುಮಾನದ ಕಥೆಯನ್ನು ಮೊದಲಿಗೆ ಇಡಬಾರದು. ಓದುಗರು ಅದನ್ನು ಆಗಲೇ ಓದಿರುತ್ತಾರೆ. ಎಲ್ಲೂ ಬಾರದ ಒಂದು ಹೊಸ ಕಥೆ ಮೊದಲಿಗಿರಲಿ. ಪ್ರಕಟಿಸಿದ ಪತ್ರಿಕೆಗಳಿಗೆ ಒಂದು ಸಾಲಿನ ಕೃತಜ್ಞತೆ ಮರೆಯಬೇಡಿ.

ಮುನ್ನುಡಿಯ ಬಗ್ಗೆ ಒಂದು ಗೊಣಗಾಟ. ಹಿರಿಯರಿಂದ ಹನ್ನೆರಡು ಪುಟದ ಮುನ್ನುಡಿ ಬರೆಸಿ, ಅದರಲ್ಲಿ ಪ್ರತಿ ಕಥೆಯ ಕೊನೆಯನ್ನೂ ಬಯಲು ಮಾಡಿಸುವ ಪದ್ಧತಿ ನಮ್ಮಲ್ಲಿ ಬೇರೂರಿದೆ. ಆ ಹಿರಿಯರಿಗೂ ಅದಕ್ಕೆ ಬಿಡುವಿರುವುದಿಲ್ಲ, ಇಲ್ಲ ಎನ್ನಲಾರದೆ ಒಪ್ಪಿರುತ್ತಾರೆ. ಬೆನ್ನುಡಿಯ ನಾಲ್ಕು ಸಾಲು ಕೇಳಿ, ಅಷ್ಟು ಸಾಕು.

ಪ್ರಕಾಶಕರ ಜೊತೆ ಮಾತಾಡುವಾಗ ಸಂಕೋಚ ಬೇಡ. ಹೊಸ ಕಥಾಸಂಕಲನವನ್ನು ಸಾಮಾನ್ಯವಾಗಿ ಐನೂರರಿಂದ ಸಾವಿರ ಪ್ರತಿ ಅಚ್ಚು ಹಾಕುತ್ತಾರೆ. ರಾಯಧನ ಹತ್ತು ಪರ್ಸೆಂಟ್ ಎಂದಿಟ್ಟುಕೊಂಡು ಲೆಕ್ಕ ಹಾಕಿ: 150 ರೂಪಾಯಿ ಮುಖಬೆಲೆ, 500 ಪ್ರತಿ ಪೂರ್ತಿ ಮಾರಾಟವಾದರೆ 7,500 ರೂಪಾಯಿ. ಎಷ್ಟೋ ಕಡೆ ಅದರ ಬದಲು ಪ್ರತಿಗಳನ್ನೇ ಕೊಡುತ್ತಾರೆ. ಹೀಗಿರುವಾಗ ನೌಕರಿ ಬಿಟ್ಟು ಬರೆಯಲು ಕೂರುತ್ತೇನೆ ಎನ್ನುವವರಿಗೆ ನಾನು ಹೇಳುವುದು ಬೇಡ ಎಂದೇ. ಯಶವಂತ ಚಿತ್ತಾಲರೂ ಜಯಂತ ಕಾಯ್ಕಿಣಿಯವರೂ ಮುಂಬೈಯ ರಾಸಾಯನಿಕ, ಔಷಧ ಕಂಪನಿಗಳಲ್ಲಿ ದುಡಿಯುತ್ತಲೇ ಬರೆದರು. ವಸುಧೇಂದ್ರ ಬಹುಕಾಲ ಸಾಫ್ಟ್‌ವೇರಿನಲ್ಲಿದ್ದರು. ಬಾನು ಮುಷ್ತಾಕ್ ಹಾಸನದಲ್ಲಿ ವಕೀಲರು. ಹಣ ಕೊಟ್ಟರೆ ಪುಸ್ತಕ ಮಾಡಿಕೊಡುತ್ತೇವೆ ಎನ್ನುವವರು ಐಎಸ್‌ಬಿಎನ್‌ಗೆಂದು ಬೇರೆ ಶುಲ್ಕ ಹೇಳಿದರೆ ಒಂದು ಗಳಿಗೆ ನಿಲ್ಲಿ. ಭಾರತದಲ್ಲಿ ಅದನ್ನು ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ಕೊಡುತ್ತದೆ, ಲೇಖಕರೇ ಪ್ರಕಾಶಕರಾಗಿಯೂ ಅರ್ಜಿ ಹಾಕಬಹುದು.

ಸಹಿ ಹಾಕುವ ಮೊದಲು

ಕಥೆ ಬರೆದ ಕ್ಷಣದಿಂದಲೇ ಅದರ ಹಕ್ಕು ನಿಮ್ಮದು. ಕೃತಿಸ್ವಾಮ್ಯಕ್ಕೆ ನೋಂದಣಿ ಕಡ್ಡಾಯವಲ್ಲ. 1957ರ ಕಾಯಿದೆಯ ಪ್ರಕಾರ ಅದು ಲೇಖಕರ ಜೀವಿತಾವಧಿ ಮತ್ತು ಆನಂತರ 60 ವರ್ಷ ಇರುತ್ತದೆ. ಹಕ್ಕನ್ನು ಬೇರೆಯವರಿಗೆ ವರ್ಗಾಯಿಸುವುದಾದರೆ ಅದು ಲಿಖಿತವಾಗಿದ್ದು ಸಹಿ ಇರಬೇಕು, ಬಾಯಿಮಾತಿನಲ್ಲಿ ಆಗುವುದಿಲ್ಲ. ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದೂ, ಪ್ರದೇಶ ಹೇಳದಿದ್ದರೆ ಭಾರತದೊಳಗೆ ಮಾತ್ರ ಎಂದೂ ಕಾನೂನು ಭಾವಿಸುತ್ತದೆ. ಪಡೆದುಕೊಂಡವರು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದಿದ್ದರೆ, ಪತ್ರದಲ್ಲಿ ಬೇರೆ ರೀತಿ ಹೇಳಿಲ್ಲವಾದರೆ, ಅದು ಬಿದ್ದುಹೋಗುತ್ತದೆ. ಆದ್ದರಿಂದ ‘ಎಲ್ಲ ಹಕ್ಕುಗಳೂ, ಎಲ್ಲ ಮಾಧ್ಯಮಗಳಲ್ಲೂ, ಶಾಶ್ವತವಾಗಿ’ ಎಂಬ ಸಾಲು ಕಂಡರೆ ಪೆನ್ನು ಕೆಳಗಿಡಿ. ಅಚ್ಚಿನ ಹಕ್ಕು ಒಂದು, ಇ–ಪುಸ್ತಕದ್ದು ಇನ್ನೊಂದು, ಆಡಿಯೊ, ಅನುವಾದ, ನಾಟಕ, ಸಿನಿಮಾ ಎಲ್ಲ ಬೇರೆ ಬೇರೆ.

ಸಿನಿಮಾ ನಮಗೆಲ್ಲಿ ಎಂದು ನಗಬೇಡಿ. ನಿರ್ದೇಶಕ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ ಯು.ಆರ್. ಅನಂತಮೂರ್ತಿಯವರ ಕಥೆಯಿಂದ, ‘ತಬರನ ಕಥೆ’ ತೇಜಸ್ವಿಯವರ ಕಥೆಯಿಂದ, ‘ಗುಲಾಬಿ ಟಾಕೀಸು’ ವೈದೇಹಿಯವರ ಕಥೆಯಿಂದ ಬಂದವು. ಮೂರೂ ಸಣ್ಣಕಥೆಗಳೇ. ಕಿರುಚಿತ್ರ ಮಾಡುತ್ತೇವೆಂದು ಬರುವ ಹುಡುಗರು ಈಗ ಬಹಳ. ದುಡ್ಡು ಕೊಡಲಾರರು, ಸರಿ. ಆದರೆ ಒಂದು ಪುಟದ ಪತ್ರದಲ್ಲಿ ಯಾವ ಕಥೆ, ಎಷ್ಟು ನಿಮಿಷದ ಚಿತ್ರ, ಎಷ್ಟು ವರ್ಷಕ್ಕೆ, ಹೆಸರು ಎಲ್ಲಿ ಬರುತ್ತದೆ ಎಂದು ಬರೆಸಿಕೊಳ್ಳುವುದಕ್ಕೆ ದುಡ್ಡು ಬೇಕಿಲ್ಲ.

ಅನುವಾದದ ವಿಷಯದಲ್ಲಿ ಕಾಲ ಬದಲಾಗಿದೆ. ತೇಜಸ್ವಿನಿ ನಿರಂಜನ ಅನುವಾದಿಸಿದ ಕಾಯ್ಕಿಣಿಯವರ ಮುಂಬೈ ಕಥೆಗಳ ಸಂಕಲನಕ್ಕೆ 2018ರ ಡಿಎಸ್‌ಸಿ ಪ್ರಶಸ್ತಿ ಬಂತು. 2025ರಲ್ಲಿ ದೀಪಾ ಭಾಸ್ತಿ ಅನುವಾದಿಸಿದ ಬಾನು ಮುಷ್ತಾಕರ ‘ಹಾರ್ಟ್ ಲ್ಯಾಂಪ್’ ಅಂತರರಾಷ್ಟ್ರೀಯ ಬುಕರ್ ಪಡೆಯಿತು. ಆ ಪ್ರಶಸ್ತಿ ಕಥಾಸಂಕಲನಕ್ಕೆ ಬಂದದ್ದು ಅದೇ ಮೊದಲು. ಅದರಲ್ಲಿರುವ ಹನ್ನೆರಡು ಕಥೆಗಳು ಮೂವತ್ತಕ್ಕೂ ಹೆಚ್ಚು ವರ್ಷಗಳ ಬರವಣಿಗೆಯಿಂದ ಆಯ್ದವು. ನಿಮ್ಮ ಕಥೆಯನ್ನು ಯಾರಾದರೂ ಅನುವಾದಿಸುತ್ತೇನೆಂದರೆ ಒಂದು ಕಥೆಗೆ ಒಪ್ಪಿಗೆ ಕೊಡಿ, ಲಿಖಿತವಾಗಿ. ಪೂರ್ತಿ ಸಂಕಲನದ ಮಾತು ಆ ಕಥೆ ಓದಿ ನೋಡಿದ ಮೇಲೆ.

ಮುಂದಿನ ಕೆಲಸ

ಮೊದಲ ಸಂಕಲನ ಅಚ್ಚಿಗೆ ಹೋಯಿತೆಂದರೆ ‘ಕಾದಂಬರಿ ಯಾವಾಗ?’ ಎಂಬ ಪ್ರಶ್ನೆ ಶುರುವಾಗುತ್ತದೆ. ಸಣ್ಣಕಥೆ ಎಂದರೆ ಕಾದಂಬರಿಗೆ ತಾಲೀಮು ಎಂದುಕೊಂಡವರು ಕೇಳುವ ಪ್ರಶ್ನೆ ಅದು. ಉತ್ತರ ಕೊಡುವ ತುರ್ತಿಲ್ಲ. ಆದರೆ ಹೊಸದೇನಾದರೂ ಕೈಗೆತ್ತಿಕೊಳ್ಳಬೇಕು ಎನಿಸಿದ್ದರೆ ನಿಮ್ಮ ಕಥೆಗಳಲ್ಲೇ ಹುಡುಕಿ. ಯಾವ ಕಥೆಯನ್ನು ಪದಮಿತಿಗಾಗಿ ಕತ್ತರಿಸುವಾಗ ನಿಜವಾಗಿ ನೋವಾಯಿತು? ಯಾವ ಸಣ್ಣ ಪಾತ್ರದ ಬಗ್ಗೆ ಓದುಗರು ಫೋನ್ ಮಾಡಿ ಕೇಳಿದರು? ಬಳೆ ಬಚ್ಚಿಟ್ಟ ಅತ್ತಿಗೆಯ ಕಥೆಯಲ್ಲಿ ನಾದಿನಿಯ ಮದುವೆ, ಗಿರವಿ ಅಂಗಡಿಯವನ ಮನೆ, ಮುಂದಿನ ಹತ್ತು ವರ್ಷ ಎಲ್ಲ ಹೊರಗೇ ಉಳಿದಿದ್ದರೆ ಅಲ್ಲಿ ದೊಡ್ಡ ಬರವಣಿಗೆಗೆ ಸಾಮಗ್ರಿ ಇದೆ. ಹಾಗೆ ಏನೂ ಹೊರಗುಳಿದಿಲ್ಲವಾದರೆ ಅದು ಸಣ್ಣಕಥೆಯೇ. ಎಳೆದು ಕಾದಂಬರಿ ಮಾಡಿದರೆ ನೀರು ಹೊಯ್ದ ಸಾರು.

ಕಥೆಗೂ ಕಾದಂಬರಿಗೂ ನಡುವೆ ಜಾಗವಿದೆ ಎಂಬುದನ್ನು ನಮ್ಮವರೇ ತೋರಿಸಿದ್ದಾರೆ. 2013ರಲ್ಲಿ ಬಂದ ವಸುಧೇಂದ್ರರ ‘ಮೋಹನಸ್ವಾಮಿ’ಯ ಬಹುಪಾಲು ಕಥೆಗಳು ಒಬ್ಬನೇ ವ್ಯಕ್ತಿಯ ಸುತ್ತ ಬೆಳೆಯುತ್ತವೆ. ಬಿಡಿಯಾಗಿ ಓದಿದರೆ ಕಥೆ, ಒಟ್ಟಾಗಿ ಓದಿದರೆ ಒಂದು ಬದುಕು. ಅದೇ ವರ್ಷದ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ನೀಳ್ಗತೆ. ಶ್ರೀನಾಥ್ ಪೇರೂರ್ ಅದನ್ನು ಇಂಗ್ಲಿಷಿಗೆ ತಂದ ಮೇಲೆ ಹೊರದೇಶದ ಓದುಗರನ್ನೂ ಮುಟ್ಟಿತು. ದೇವನೂರ ಮಹಾದೇವ 1973ರ ‘ದ್ಯಾವನೂರು’ ಕಥೆಗಳಿಂದ ‘ಒಡಲಾಳ’ಕ್ಕೆ, ಅಲ್ಲಿಂದ 1984ರ ‘ಕುಸುಮಬಾಲೆ’ಗೆ ಬಂದರು. ಮೂರೂ ತೆಳ್ಳಗಿನ ಪುಸ್ತಕಗಳೇ. ಒಂದೇ ಬೀದಿಯ, ಒಂದೇ ಪಿ.ಜಿ.ಯ, ಒಂದೇ ಗಾರ್ಮೆಂಟ್ಸ್ ಬಸ್ಸಿನ ಏಳೆಂಟು ಜನರನ್ನು ಇಟ್ಟುಕೊಂಡು ಕಥಾಮಾಲೆ ಯೋಚಿಸಬಹುದು. ಒಂದೊಂದು ಕಥೆಯನ್ನೂ ಬಿಡಿಯಾಗಿ ಪತ್ರಿಕೆಗೆ ಕಳಿಸಬಹುದು ಎಂಬ ಅನುಕೂಲ ಬೇರೆ.

ಕೆಲಸ ಹಿಡಿದ ಮೇಲೆ ಅದರ ಬಗ್ಗೆ ಸಂದರ್ಶನಗಳಲ್ಲಿ ಹೇಳಿಕೊಂಡು ತಿರುಗಬೇಡಿ. ವಾರಕ್ಕೆ ಇಷ್ಟು ಪುಟ ಎಂದು ನಿಮಗೆ ನೀವೇ ಗಡುವು ಹಾಕಿಕೊಳ್ಳಿ, ಕಡಿಮೆಯೇ ಇರಲಿ. ಮೊದಲ ಕರಡನ್ನು ಇಬ್ಬರಿಗೆ ಮಾತ್ರ ಓದಲು ಕೊಡಿ: ಒಬ್ಬರು ಕಥೆ ಬರೆಯುವವರು, ಇನ್ನೊಬ್ಬರು ಬರೀ ಓದುವವರು. ಬರೆಯುವವರು ಎಲ್ಲಿ ಕಟ್ಟಡ ಸಡಿಲವಾಗಿದೆ ಎಂದು ಹೇಳುತ್ತಾರೆ. ಓದುವವರ ಹತ್ತಿರ ಅಭಿಪ್ರಾಯ ಕೇಳಬೇಡಿ. ಎಲ್ಲೆಲ್ಲಿ ಪುಸ್ತಕ ಮಡಚಿಟ್ಟು ಬೇರೆ ಕೆಲಸಕ್ಕೆ ಎದ್ದರೋ ಆ ಪುಟಗಳಿಗೆ ಪೆನ್ಸಿಲ್ ಗುರುತು ಹಾಕಿಕೊಡಿ ಎನ್ನಿ. ತಿದ್ದುವುದನ್ನು ಆ ಪುಟಗಳಿಂದಲೇ ಶುರು ಮಾಡಬಹುದು.